ಕೋಡಿಯಲ್ಲಿ ಬಿದ್ದ ಹಕ್ಕಿ, ಸಿರುಗುಪ್ಪದಲ್ಲಿ ಕಾಣದ ಹಕ್ಕಿ

ಮೂರು ವರ್ಷಗಳ ಹಿಂದಿನ ಜುಲೈ ತಿಂಗಳು. ರಾತ್ರಿಯಿಡೀ ಬೀಸಿದ ಗಾಳಿ ಬೆಳಗಿನ ಜಾವ ಸ್ವಲ್ಪ ತಗ್ಗಿದ ಹೊತ್ತಿಗೆ ಕುಂದಾಪುರದ ಕೋಡಿಯಿಂದ ಪರಿಚಯದ ಮೀನುಗಾರರೊಬ್ಬರು ಕರೆ ಮಾಡಿದರು. “ಹ್ವಾಯ್ ಮಾಷ್ಟ್ರೆ, ಇಲ್ಲೊಂದ್ ಹಕ್ಕಿ ಬಿದ್ಕಂಡಿತ್. ನಮ್ ಬದಿದ್ ಅಲ್ಲ. ಬೇಗ ಬಂದ್ ಕಾಣಿ” ಎಂದಷ್ಟೇ ಹೇಳಿ ಫೋನ್ ಇಟ್ಟರು. ನಾನು ಹೋಗುವಷ್ಟರಲ್ಲಿ ಅವರು ಅದನ್ನು ನಾಯಿಗಳ ಬಾಯಿಗೆ ಸಿಗದಂತೆ ಗಾಳಿಮರದ ಬುಡಕ್ಕೆ ಸರಿಸಿ, ಮೇಲೊಂದು ಮೀನಿನ ಬುಟ್ಟಿ ಕವುಚಿ, ಪಕ್ಕದಲ್ಲಿ ಕೊಡೆ ಹಿಡಿದು ಕಾವಲು ನಿಂತಿದ್ದರು.

ಬುಟ್ಟಿ ಎತ್ತಿದಾಗ ಕಂಡದ್ದು ಬಾತುಕೋಳಿಗಿಂತ ದೊಡ್ಡದಾದ, ಉದ್ದನೆಯ ರೆಕ್ಕೆಗಳನ್ನು ಮಡಚಿಕೊಳ್ಳಲೂ ಶಕ್ತಿಯಿಲ್ಲದೆ ಮರಳಿನ ಮೇಲೆ ಚೆಲ್ಲಿಕೊಂಡಿದ್ದ ಒಂದು ಹಕ್ಕಿ. ಬಿಡಿಸಿದರೆ ಐದಡಿ ದಾಟುವ ರೆಕ್ಕೆಗಳು ಅವು. ತಲೆ ಮತ್ತು ಬೆನ್ನು ಕಂದು, ಹೊಟ್ಟೆ ಬಿಳಿ. ಕೊಕ್ಕು ಚೂರಿಯ ಹಾಗೆ ನೇರವಾಗಿತ್ತು; ಅದರ ಅಂಚಿನಲ್ಲಿ ಗರಗಸದಂತೆ ಸಣ್ಣ ಹಲ್ಲುಗಳಿದ್ದವು. ಮೀನುಗಾರರು ಹಳೆಯ ಬೈರಾಸವನ್ನು ತಲೆಯ ಮೇಲೆ ಹೊದಿಸಿ ಹಿಡಿದುಕೊಂಡರು, ನಾನು ಎದೆಯ ಮೇಲೆ ಬೆರಳಾಡಿಸಿ ನೋಡಿದೆ. ಹೊಟ್ಟೆ ತುಂಬ ತಿಂದ ಹಕ್ಕಿಯಲ್ಲಿ ಎದೆಮೂಳೆಯ ಎರಡೂ ಬದಿಗೆ ಮಾಂಸ ತುಂಬಿ ದುಂಡಗಿರುತ್ತದೆ. ಇಲ್ಲಿ ಮೂಳೆಯ ಏಣು ಕತ್ತಿಯ ಅಲಗಿನಂತೆ ಬೆರಳಿಗೆ ತಾಗಿತು. ಆ ಹಕ್ಕಿ ಎಷ್ಟು ದಿನಗಳಿಂದ ಉಪವಾಸವಿತ್ತೆಂಬುದನ್ನು ಹೇಳಲು ಬೇರೆ ಸಾಕ್ಷಿ ಬೇಕಾಗಿರಲಿಲ್ಲ.

ಅದು ಬೂಬಿ ಜಾತಿಯ ಕಡಲ ಹಕ್ಕಿ. ದಡದ ಗೊಡವೆಯೇ ಇಲ್ಲದೆ, ನಡುಗಡಲಿನಲ್ಲಿ ಹಾರಾಡುತ್ತ, ಎತ್ತರದಿಂದ ನೀರಿಗೆ ಧುಮುಕಿ ಹಾರುಮೀನುಗಳನ್ನು ಹಿಡಿದು ಬದುಕುವ ಹಕ್ಕಿಗಳಿವು. ಮೊಟ್ಟೆಯಿಡಲು ದೂರದ ದ್ವೀಪಗಳಲ್ಲಿ ಇಳಿಯುತ್ತವೆ. ಧುಮುಕುವಾಗ ನೀರು ನುಗ್ಗದಂತೆ ಇವುಗಳ ಹೊರಮೂಗಿನ ಹೊಳ್ಳೆಗಳು ಮುಚ್ಚಿಹೋಗಿವೆ, ಉಸಿರಾಡುವುದು ಬಾಯಿಯ ಅಂಚಿನಿಂದ. ಆದುದರಿಂದ ಕಚ್ಚೀತೆಂಬ ಭಯಕ್ಕೆ ಯಾರಾದರೂ ಕೊಕ್ಕನ್ನು ದಾರದಿಂದ ಬಿಗಿದರೆ ಹಕ್ಕಿ ಉಸಿರುಗಟ್ಟಿ ಸಾಯುತ್ತದೆ. ಈ ಒಂದು ಸಂಗತಿಯನ್ನು ಕಡಲತೀರದ ಎಲ್ಲರಿಗೂ ತಿಳಿಸಬೇಕೆಂದು ನನಗೆ ಪ್ರತಿ ಮಳೆಗಾಲದಲ್ಲೂ ಅನ್ನಿಸುತ್ತದೆ. ಅದೇ ರೀತಿ, ಬಿದ್ದ ಹಕ್ಕಿಯನ್ನು ಕರುಣೆಯಿಂದ ಮತ್ತೆ ಅಲೆಗಳಿಗೆ ಬಿಡುವುದೂ, ಬಾಯಿಗೆ ನೀರು ಸುರಿಯುವುದೂ ಅದರ ಜೀವಕ್ಕೆ ಅಪಾಯ. ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ, ಒಣಗಿದ ಬಟ್ಟೆಯ ಮೇಲೆ, ಕತ್ತಲೆಯಲ್ಲಿ, ಸದ್ದಿಲ್ಲದ ಕಡೆ ಇಟ್ಟು ಅರಣ್ಯ ಇಲಾಖೆಗೆ ತಿಳಿಸುವುದೇ ಸರಿಯಾದ ದಾರಿ. ನಾವೂ ಅಷ್ಟನ್ನೇ ಮಾಡಿದೆವು. ಮರುದಿನ ಬೆಳಿಗ್ಗೆ ಹಕ್ಕಿ ಸತ್ತಿತು.

ನೈಋತ್ಯ ಮಾನ್ಸೂನಿನ ಗಾಳಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬಿ ಸಮುದ್ರದ ಮೇಲಿಂದ ನಮ್ಮ ದಡದತ್ತ ಬೀಸುತ್ತದೆ. ಕಡಲು ಪ್ರಕ್ಷುಬ್ಧವಾದಾಗ ಮೇಲ್ಪದರದ ಮೀನು ಕಣ್ಣಿಗೆ ಬೀಳುವುದು ಕಷ್ಟವಾಗಿ, ಅದರಲ್ಲೂ ಬೇಟೆಯಲ್ಲಿ ಇನ್ನೂ ಪಳಗದ ಎಳೆಯ ಹಕ್ಕಿಗಳು ನಿತ್ರಾಣಗೊಂಡು, ಗಾಳಿ ತಳ್ಳಿದ ಕಡೆಗೆ ತೇಲಿಬಂದು ದಡ ಸೇರುತ್ತವೆ. ಕೇರಳದಿಂದ ಮಹಾರಾಷ್ಟ್ರದವರೆಗಿನ ಪಡುವಣ ಕರಾವಳಿಯ ಪಕ್ಷಿವೀಕ್ಷಕರು ಮಳೆಗಾಲದಲ್ಲಿ ಹೀಗೆ ಬಂದ ಬೂಬಿಗಳನ್ನು, ಕಪ್ಪು ಬೆನ್ನಿನ ಕಡಲ ರೀವಗಳನ್ನು, ಒಮ್ಮೊಮ್ಮೆ ಪುಟ್ಟ ಪೆಟ್ರೆಲ್‌ಗಳನ್ನು ವರದಿ ಮಾಡುತ್ತಲೇ ಬಂದಿದ್ದಾರೆ. ನಮ್ಮ ಕಡಲಿಗೆ ಈ ಹಕ್ಕಿಗಳು ಪರಕೀಯವೇನಲ್ಲ. ಲಕ್ಷದ್ವೀಪದ ಪಕ್ಷಿಪಿಟ್ಟಿ ಎಂಬ ಜನವಸತಿಯಿಲ್ಲದ ಮರಳುದಿಬ್ಬದಲ್ಲಿ ರೀವಗಳು ಗುಂಪುಗುಂಪಾಗಿ ಮರಿ ಮಾಡುತ್ತವೆ. ನಾವು ದಡದಲ್ಲಿ ನಿಂತು ನೋಡುವವರಾದುದರಿಂದ ನಮಗೆ ಅವು ಅಪರೂಪ, ಅಷ್ಟೇ.

ಆ ದಿನ ನಾನು ಮಾಡಿದ ತಪ್ಪೊಂದನ್ನು ಇಲ್ಲಿ ಹೇಳಬೇಕು. ಸಂಜೆ ಮನೆಗೆ ಬಂದು, ಪಕ್ಷಿವೀಕ್ಷಕರು ತಾವು ಕಂಡ ಹಕ್ಕಿಗಳನ್ನು ದಾಖಲಿಸುವ ಇ-ಬರ್ಡ್ ಜಾಲತಾಣದಲ್ಲಿ ಬರೆಯುವಾಗ ಅದನ್ನು ಬ್ರೌನ್ ಬೂಬಿ ಎಂದು ಬರೆದೆ. ಮೈ ಕಂದಿದೆ, ಹೊಟ್ಟೆ ಬೆಳ್ಳಗಿದೆ, ಇನ್ನೇನು ಬೇಕು ಎಂಬ ಅವಸರ. ಎರಡು ದಿನಗಳ ಬಳಿಕ ನಮ್ಮ ಜಿಲ್ಲೆಯ ದಾಖಲೆಗಳನ್ನು ಪರಿಶೀಲಿಸುವ ಸ್ವಯಂಸೇವಕರಿಂದ ವಿನಯದ ಪ್ರಶ್ನೆಯೊಂದು ಬಂತು: ಕತ್ತಿನ ಹಿಂಭಾಗದ ಚಿತ್ರವಿದೆಯೇ? ಇತ್ತು. ಬೈರಾಸ ಸರಿದ ಗಳಿಗೆಯಲ್ಲಿ ತೆಗೆದ, ಅರ್ಧ ಮಸುಕಾದ ಒಂದು ಚಿತ್ರ. ಅದರಲ್ಲಿ ತಲೆಯ ಕಂದು ಬಣ್ಣಕ್ಕೂ ಬೆನ್ನಿನ ಕಂದು ಬಣ್ಣಕ್ಕೂ ನಡುವೆ ಬಿಳಿಯ ಪಟ್ಟಿಯೊಂದು ಕೊರಳಪಟ್ಟಿಯಂತೆ ಹಾದುಹೋಗಿತ್ತು. ಬ್ರೌನ್ ಬೂಬಿಗೆ ಆ ಪಟ್ಟಿ ಇರುವುದಿಲ್ಲ, ಅದರ ಕಂದು ಬಣ್ಣ ತಲೆಯಿಂದ ಎದೆಯವರೆಗೆ ಇಳಿದು ಗೆರೆ ಎಳೆದಂತೆ ಅಲ್ಲಿಗೆ ನಿಲ್ಲುತ್ತದೆ. ನಮ್ಮ ಕೈಯಲ್ಲಿ ಸತ್ತದ್ದು ಮಾಸ್ಕ್ಡ್ ಬೂಬಿಯ ಎಳೆಯ ಹಕ್ಕಿ. ನಾನು ದಾಖಲೆ ತಿದ್ದಿದೆ. ಕಣ್ಣೆದುರಿಗೆ, ಕೈಯೊಳಗೆ ಇದ್ದ ಹಕ್ಕಿಯನ್ನೇ ತಪ್ಪಾಗಿ ಬರೆದಿದ್ದೆನಲ್ಲ ಎಂಬ ನೋವು ಬಹಳ ದಿನ ಉಳಿಯಿತು. ಅಪರೂಪದ ಹಕ್ಕಿ ಕಂಡಿತೆಂಬ ಸುದ್ದಿಯ ಹಿಂದೆ ಇಂತಹ ಪ್ರಶ್ನೋತ್ತರ ಇದ್ದೇ ಇರಬೇಕೆಂದು ನಾನು ಅಂದಿನಿಂದ ನಂಬಿದ್ದೇನೆ. ಯಾರಾದರೂ “ಇನ್ನೊಂದು ಚಿತ್ರವಿದೆಯೇ” ಎಂದು ಕೇಳಿದರೆ ಅದನ್ನು ಅನುಮಾನವೆಂದು ತಿಳಿದು ನೊಂದುಕೊಳ್ಳುವವರು ನಮ್ಮಲ್ಲಿ ಹಲವರಿದ್ದಾರೆ. ಹಾಗೆ ತಿಳಿಯಬೇಕಾಗಿಲ್ಲ.

ಸುದ್ದಿ ಹರಡಿದ ಮೇಲೆ ಅಭಿನಂದನೆಗಳು ಬಂದವು. ಒಳ್ಳೆಯ ಮನಸ್ಸಿನಿಂದಲೇ ಬಂದವು. ಆದರೆ ನನಗೆ ಬೆರಳ ತುದಿಯಲ್ಲಿ ಇನ್ನೂ ಆ ಎದೆಮೂಳೆಯೇ ಇತ್ತು. ದಾರಿ ತಪ್ಪಿ, ಹಸಿದು, ಸಾಯಲು ಬಂದ ಹಕ್ಕಿಯೊಂದು ನನ್ನ ಪಟ್ಟಿಗೆ ಹೊಸ ಹೆಸರಾಗಿ ಸೇರಿದ್ದನ್ನು ಸಂತೋಷವೆಂದು ಒಪ್ಪಿಕೊಳ್ಳಲು ಮನಸ್ಸು ಸಿದ್ಧವಿರಲಿಲ್ಲ. ಅಪರೂಪವೆಂಬ ಮಾತಿನಲ್ಲೇ ಎರಡು ಬೇರೆ ಬೇರೆ ಸಂಗತಿಗಳು ಸೇರಿಕೊಂಡಿವೆ ಎಂಬುದು ನನಗೆ ಸ್ಪಷ್ಟವಾದದ್ದು ಅದೇ ವರ್ಷದ ಡಿಸೆಂಬರಿನಲ್ಲಿ, ಕಡಲಿನಿಂದ ಬಹುದೂರದ ಸಿರುಗುಪ್ಪದಲ್ಲಿ.

ಬಳ್ಳಾರಿ ಜಿಲ್ಲೆಯ ಸಿರುಗುಪ್ಪವೆಂದರೆ ತುಂಗಭದ್ರೆಯ ನೀರಿನ ಭತ್ತದ ಸೀಮೆಯೆಂದೇ ಹೆಚ್ಚಿನವರು ತಿಳಿದಿರುತ್ತಾರೆ. ಆದರೆ ಕಾಲುವೆ ತಲುಪದ ಕಡೆಗಳಲ್ಲಿ ಇಂದಿಗೂ ಮಳೆಯನ್ನೇ ನಂಬಿದ ಕಪ್ಪು ಎರೆ ಹೊಲಗಳಿವೆ, ಅವುಗಳಲ್ಲಿ ಜೋಳ, ಕಡಲೆ, ಹತ್ತಿ ಬೆಳೆಯುತ್ತವೆ, ನಡುವೆ ಕುರಿ ಮೇಯುವ ಬಯಲುಗಳಿವೆ. ಕರ್ನಾಟಕದಲ್ಲಿ ಎರ್ಲಡ್ಡು ಹಕ್ಕಿ ಇತ್ತೀಚಿನ ವರ್ಷಗಳಲ್ಲಿ ಕಂಡಿರುವುದು ಬಹುಮಟ್ಟಿಗೆ ಈ ಭಾಗದಲ್ಲಿ ಮಾತ್ರ. ಎರೆ ನೆಲದ ಹಕ್ಕಿಯಾದುದರಿಂದಲೇ ಎರೆಭೂತ, ಎರ್ಲಡ್ಡು ಎಂಬ ಹೆಸರುಗಳು. ಇಂಗ್ಲಿಷಿನಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್ ಎನ್ನುವ ಈ ಹಕ್ಕಿಯ ಗಂಡು ಸುಮಾರು ಒಂದು ಮೀಟರ್ ಎತ್ತರ ನಿಂತು, ಹದಿನೈದು ಕಿಲೋವರೆಗೂ ತೂಗಬಹುದು. ಹಾರಬಲ್ಲ ಹಕ್ಕಿಗಳಲ್ಲಿ ಇಷ್ಟು ಭಾರದವು ಜಗತ್ತಿನಲ್ಲೇ ಕೆಲವು. ಹೆಣ್ಣು ಸಾಮಾನ್ಯವಾಗಿ ಬಯಲಿನ ಬರಿ ನೆಲದ ಮೇಲೆ ಒಂದೇ ಒಂದು ಮೊಟ್ಟೆಯಿಡುತ್ತದೆ. ಪಕ್ಷಿತಜ್ಞ ಸಲೀಂ ಅಲಿಯವರು ಇದನ್ನೇ ನಮ್ಮ ರಾಷ್ಟ್ರಪಕ್ಷಿಯಾಗಿಸಬೇಕೆಂದು ವಾದಿಸಿದ್ದರು, 1963ರಲ್ಲಿ ಆ ಗೌರವ ನವಿಲಿಗೆ ಹೋಯಿತು.

ಆ ಊರುಗಳ ಹೊಲಗಳನ್ನು ವರ್ಷಗಳಿಂದ ಸುತ್ತುತ್ತಿರುವ ಇಬ್ಬರು ಸ್ಥಳೀಯ ವೀಕ್ಷಕರ ಜೊತೆ ನಾನು ಮೂರು ದಿನ ಇದ್ದೆ. ಅವರು ಹಕ್ಕಿಯ ಬಗ್ಗೆ ಮಾತನಾಡುವಾಗ, ಬಯಲಿನಲ್ಲಿ ನಾವು ಮೂವರೇ ಇದ್ದರೂ, ದನಿ ತಗ್ಗಿಸುತ್ತಿದ್ದರು. ಬೆಳಗಿನ ಆರಕ್ಕೆ ಹೊಲದ ಬದುವಿನ ಮೇಲೆ ಕುಳಿತರೆ ಹತ್ತರವರೆಗೆ, ಮತ್ತೆ ನಾಲ್ಕರಿಂದ ಕತ್ತಲಾಗುವವರೆಗೆ ದುರ್ಬೀನಿನಲ್ಲಿ ದಿಗಂತವನ್ನು ಬಾಚುವುದೇ ಕೆಲಸ. ಜಾಲಿಯ ಪೊದೆ, ಬೆರ್ಚಪ್ಪ, ದೂರದಲ್ಲಿ ಕಂಬಳಿ ಹೊದ್ದು ಕುಳಿತ ಮನುಷ್ಯ, ಎಲ್ಲವೂ ಒಂದು ಗಳಿಗೆ ಎರ್ಲಡ್ಡುವಾಗಿ ಕಂಡು ಮತ್ತೆ ತಮ್ಮ ರೂಪಕ್ಕೆ ಮರಳುತ್ತಿದ್ದವು. ಕೃಷ್ಣಮೃಗಗಳು ಕಂಡವು. ನೆಲಗುಬ್ಬಿಗಳು, ಗೌಜಲಕ್ಕಿಗಳು, ಬಯಲಿನ ಮೇಲೆ ತಗ್ಗಿನಲ್ಲಿ ತೇಲುವ ಸೆಳೆವಗಳು ಕಂಡವು. ಮೂರನೆಯ ದಿನ ಸಂಜೆಯವರೆಗೂ ಎರ್ಲಡ್ಡು ಕಾಣಲಿಲ್ಲ.

ಎರಡನೆಯ ದಿನ ಕುರಿ ಹೊಡೆದುಕೊಂಡು ಬಂದ ಹಿರಿಯರೊಬ್ಬರು ನಮ್ಮ ಪಕ್ಕದಲ್ಲಿ ಕೋಲೂರಿ ನಿಂತರು. ಏನು ಹುಡುಕುತ್ತಿದ್ದೇವೆಂದು ಅವರು ಕೇಳಲಿಲ್ಲ, ಅವರಿಗೆ ಗೊತ್ತಿತ್ತು. “ನಾವು ಸಣ್ಣವರಿದ್ದಾಗ ನಾಕೈದು ಕೂಡಿ ಮೇಯ್ತಿದ್ವು ರೀ. ಕುರಿಗೂ ಅಂಜ್ತಿರಲಿಲ್ಲ. ಈಗ ವರ್ಷಕ್ಕ ಒಂದು ಕಂಡ್ರ ಅದೇ ದೊಡ್ಡದು” ಎಂದರು. ಕೊನೆಯ ಸಲ ಯಾವಾಗ ಕಂಡಿರೆಂದು ನನ್ನ ಜೊತೆಗಾರರು ಕೇಳಿದಾಗ ಅವರು ಬೆಳೆಯ ಲೆಕ್ಕದಲ್ಲಿ ಉತ್ತರ ಕೊಟ್ಟರು: ಹೋದ ವರ್ಷ, ಕಡಲೆ ಹೂವಾಡುವ ಹೊತ್ತಿಗೆ, ಹಳ್ಳದ ಆಚೆಯ ಬೀಳಿನಲ್ಲಿ. ಜೊತೆಗಾರರು ಅದನ್ನು ತಮ್ಮ ಪುಸ್ತಕದಲ್ಲಿ ಬರೆದುಕೊಂಡರು. ಹಾಗೆಯೇ, ಆ ದಿನದ ಪಟ್ಟಿಯ ಕೆಳಗೆ “ಎರ್ಲಡ್ಡು: ಕಾಣಲಿಲ್ಲ” ಎಂದೂ ಬರೆದರು. ಹಿಂದಿನ ಪುಟಗಳನ್ನು ತಿರುವಿ ತೋರಿಸಿದರು. ಎಷ್ಟೋ ಪುಟಗಳ ಕೊನೆಯಲ್ಲಿ ಅದೇ ಸಾಲು, ಬೇರೆ ಬೇರೆ ಪೆನ್ನಿನ ಬಣ್ಣದಲ್ಲಿ.

ನನಗೆ ಆ ಪುಸ್ತಕ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ನಮ್ಮ ಕರಾವಳಿಯ ಬೂಬಿ ಅಪರೂಪವಾದದ್ದು ಅದರ ಮನೆ ಬೇರೆಡೆ ಇರುವುದರಿಂದ. ಎರ್ಲಡ್ಡು ಅಪರೂಪವಾದದ್ದು ಅದರ ಮನೆಯನ್ನು ನಾವು ತೆಗೆದುಕೊಂಡದ್ದರಿಂದ. ಎರಡನ್ನೂ ನಾವು ಒಂದೇ ಉತ್ಸಾಹದಲ್ಲಿ “ಅಪರೂಪದ ಹಕ್ಕಿ ಪತ್ತೆ” ಎಂದು ಹಂಚಿಕೊಳ್ಳುತ್ತೇವೆ. ಮೊದಲನೆಯದರಲ್ಲಿ ಒಂದು ಹಕ್ಕಿಯ ದುರದೃಷ್ಟವಿದೆ. ಎರಡನೆಯದರಲ್ಲಿ ಒಂದು ನಾಡಿನ ಬಯಲುಗಳ ಚರಿತ್ರೆಯೇ ಇದೆ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ 1974ರಲ್ಲಿ ಆದಾಗ ಅಲ್ಲಿ ಎರ್ಲಡ್ಡುಗಳಿದ್ದವು. ಅಭಯಾರಣ್ಯವಾಗಿಯೂ ಅಲ್ಲಿನ ಬಹುಭಾಗದಲ್ಲಿ ನೀಲಗಿರಿ ನೆಡುತೋಪುಗಳು ತುಂಬಿಕೊಂಡಿದ್ದವು. ಮರವಿಲ್ಲದ ನೆಲವೆಂದರೆ ಬರಡು ನೆಲ, ಅಲ್ಲಿ ಮರ ಬೆಳೆಸಿದರೆ ಪುಣ್ಯ ಎಂಬ ನಂಬಿಕೆ ನಮ್ಮಲ್ಲಿ ಅಷ್ಟು ಗಟ್ಟಿಯಾಗಿ ಕೂತಿದೆ. ಹುಲ್ಲುಗಾವಲಿನ ಹಕ್ಕಿಗೆ ಮರದ ತೋಪು ಮನೆಯಲ್ಲ ಎಂಬ ಸರಳ ವಿಷಯ ಯಾರ ಮನಸ್ಸಿಗೂ ಬರಲಿಲ್ಲ. ಇಂದು ಅಲ್ಲಿ ಕೃಷ್ಣಮೃಗಗಳಿವೆ, ಎರ್ಲಡ್ಡು ಇಲ್ಲ.

ದೇಶದಲ್ಲಿ ಈಗ ಉಳಿದಿರುವ ಎರ್ಲಡ್ಡುಗಳು ನೂರೈವತ್ತಕ್ಕೂ ಕಡಿಮೆ ಎಂಬುದು ಕೆಲವು ವರ್ಷಗಳಿಂದ ಕೇಳಿಬರುತ್ತಿರುವ ಅಂದಾಜು, ಅವುಗಳಲ್ಲಿ ಬಹುಪಾಲು ರಾಜಸ್ಥಾನದ ಜೈಸಲ್ಮೇರ್ ಸುತ್ತಮುತ್ತ. 2011ರಿಂದ ಇದು ತೀವ್ರ ಅಪಾಯದ ಅಂಚಿನಲ್ಲಿರುವ ಪ್ರಭೇದಗಳ ಪಟ್ಟಿಯಲ್ಲಿದೆ. ಕಣ್ಣುಗಳು ತಲೆಯ ಎರಡು ಬದಿಗಿರುವುದರಿಂದ ನೇರ ಮುಂದಿನ ನೋಟ ಇದಕ್ಕೆ ಕಡಿಮೆ, ಮೈ ಭಾರವಾದುದರಿಂದ ಹಾರುತ್ತಿರುವಾಗ ಥಟ್ಟನೆ ತಿರುಗಲಾಗದು. ಆದುದರಿಂದ ಬಯಲಿಗೆ ಅಡ್ಡಲಾಗಿ ಎಳೆದ ವಿದ್ಯುತ್ ತಂತಿಗಳಿಗೆ ಬಡಿದು ಸಾಯುತ್ತದೆ. ಈ ತಂತಿಗಳ ವಿಚಾರ 2021ರಲ್ಲಿ ಸುಪ್ರೀಂ ಕೋರ್ಟಿನ ಆದೇಶದವರೆಗೂ ಹೋಯಿತು, 2024ರಲ್ಲಿ ಆ ಆದೇಶ ಮಾರ್ಪಾಡಾಯಿತು.

ಕಾಣಲಿಲ್ಲ ಎಂದು ಬರೆಯುವುದರ ಬೆಲೆ ನನಗೆ ತಿಳಿದದ್ದು ಆ ಪುಸ್ತಕದಿಂದ. ಅಪರೂಪದ ಹಕ್ಕಿ ಕಂಡ ದಿನ ಮಾತ್ರ ವರದಿ ಮಾಡಿದರೆ, ಅದು ಹೆಚ್ಚುತ್ತಿದೆಯೋ ಕಡಿಮೆಯಾಗುತ್ತಿದೆಯೋ ಎಂದು ಯಾರೂ ಹೇಳಲಾಗದು. ಹತ್ತು ಸಲ ಹೋಗಿ ಒಂದು ಸಲ ಕಂಡದ್ದಕ್ಕೂ ನೂರು ಸಲ ಹೋಗಿ ಒಂದು ಸಲ ಕಂಡದ್ದಕ್ಕೂ ನಡುವಿನ ವ್ಯತ್ಯಾಸವೇ ನಮಗೆ ಬೇಕಾದ ಮಾಹಿತಿ. ಇ-ಬರ್ಡ್‌ನಲ್ಲಿ ಪಟ್ಟಿ ಸಲ್ಲಿಸುವಾಗ ಕಂಡ ಎಲ್ಲ ಹಕ್ಕಿಗಳನ್ನೂ ಸೇರಿಸಿದ್ದೀರಾ ಎಂದು ಕೇಳುವುದು ಇದಕ್ಕಾಗಿ. ಹೌದು ಎಂದರೆ, ಪಟ್ಟಿಯಲ್ಲಿ ಇಲ್ಲದ ಹಕ್ಕಿ ಅಂದು ಆ ವೀಕ್ಷಕರ ಕಣ್ಣಿಗೆ ಬಿದ್ದಿರಲಿಲ್ಲ ಎಂದು ಅರ್ಥ. 2023ರಲ್ಲಿ ಪ್ರಕಟವಾದ ಭಾರತದ ಪಕ್ಷಿಗಳ ಸ್ಥಿತಿಗತಿ ವರದಿ ಸುಮಾರು 30,000 ವೀಕ್ಷಕರ 3 ಕೋಟಿ ದಾಖಲೆಗಳ ಮೇಲೆ ನಿಂತಿದೆ. ಅದು 942 ಪ್ರಭೇದಗಳನ್ನು ಪರಿಶೀಲಿಸಿ 178 ಪ್ರಭೇದಗಳಿಗೆ ತುರ್ತಾಗಿ ಗಮನ ಕೊಡಬೇಕೆಂದು ಗುರುತಿಸಿತು. ಆ ದಾಖಲೆಗಳಲ್ಲಿ ಹೆಚ್ಚಿನವು ಕಾಗೆ, ಮೈನಾ, ಬೆಳ್ಳಕ್ಕಿಗಳಂತಹ ಸಾಮಾನ್ಯ ಹಕ್ಕಿಗಳದ್ದೇ ಎಂಬುದನ್ನು ಮರೆಯಬಾರದು.

ಬರೆಯದೆ ಉಳಿದದ್ದರ ನಷ್ಟಕ್ಕೆ ರಣಹದ್ದಿಗಿಂತ ದೊಡ್ಡ ಉದಾಹರಣೆ ಬೇಡ. ನಮ್ಮ ಕಡೆ ಸತ್ತ ದನವನ್ನು ಹಾಡಿಯ ಅಂಚಿಗೆ ಎಳೆದು ಹಾಕಿದರೆ ಗಂಟೆಯೊಳಗೆ ರಣಹದ್ದುಗಳು ಇಳಿಯುತ್ತಿದ್ದವೆಂದು ನನ್ನ ತಂದೆ ಹೇಳುತ್ತಿದ್ದರು. 1990ರ ದಶಕದಲ್ಲಿ ಅವು ದೇಶದಾದ್ಯಂತ ಸಾಯತೊಡಗಿದವು. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫಿನ್ಯಾಕ್ ಎಂಬ ನೋವುನಿವಾರಕವೇ ಕಾರಣವೆಂದು 2004ರಲ್ಲಿ ಸಾಬೀತಾಯಿತು, 2006ರಲ್ಲಿ ದನಗಳಿಗೆ ಅದರ ಬಳಕೆ ನಿಷೇಧವಾಯಿತು. ಅಷ್ಟರಲ್ಲಿ ಬಿಳಿಬೆನ್ನಿನ ರಣಹದ್ದುಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಇಲ್ಲವಾಗಿದ್ದವು. ನಮ್ಮೂರಿನ ಕೊನೆಯ ರಣಹದ್ದು ಯಾವ ವರ್ಷ, ಯಾವ ಹಾಡಿಯ ಮೇಲೆ ಹಾರಿತೆಂದು ನಾನು ಹಿರಿಯರನ್ನೆಲ್ಲ ಕೇಳಿದ್ದೇನೆ. ಒಬ್ಬರಿಗೂ ನೆನಪಿಲ್ಲ. ಅದು ಕೊನೆಯದೆಂದು ಅಂದು ಯಾರಿಗೂ ತಿಳಿದಿರಲಿಲ್ಲ, ಸಾಮಾನ್ಯ ಹಕ್ಕಿಯಾದುದರಿಂದ ಯಾರೂ ಬರೆದಿಡಲಿಲ್ಲ.

ಬರೆಯುವುದಕ್ಕೂ ಎಲ್ಲರಿಗೂ ಸಾರುವುದಕ್ಕೂ ವ್ಯತ್ಯಾಸವಿದೆ ಎಂಬುದನ್ನೂ ಸಿರುಗುಪ್ಪದವರಿಂದಲೇ ಕಲಿತೆ. ಅವರು ಎರ್ಲಡ್ಡು ಕಂಡ ಜಾಗವನ್ನು ಇಲಾಖೆಗೆ ತಿಳಿಸುತ್ತಾರೆ, ಸಾರ್ವಜನಿಕವಾಗಿ ತಾಲ್ಲೂಕಿನ ಹೆಸರಿಗಿಂತ ಹೆಚ್ಚು ಹೇಳುವುದಿಲ್ಲ. ಇದರ ಬೆಲೆ ನನಗೆ ಚೆನ್ನಾಗಿ ಗೊತ್ತಿದೆ. ನಮ್ಮೂರಿನ ತೊರೆಯೊಂದರ ಮಣ್ಣಿನ ದರೆಯಲ್ಲಿ ಮಳೆಗಾಲಕ್ಕೆ ಬಂದು ಬಿಲ ಕೊರೆದು ಮರಿ ಮಾಡುವ ಮೂರು ಬೆರಳಿನ ಪುಟ್ಟ ಮಿಂಚುಳ್ಳಿಯ ಗೂಡೊಂದಿತ್ತು. ಗುಬ್ಬಚ್ಚಿಗಿಂತಲೂ ಚಿಕ್ಕದು, ಕಿತ್ತಳೆ, ನೇರಳೆ, ನೀಲಿ ಬಣ್ಣಗಳನ್ನು ಒಟ್ಟಿಗೆ ಹೊತ್ತ ಹಕ್ಕಿ. ಯಾರೋ ಗೂಡಿನ ನಕ್ಷೆಯನ್ನೇ ವಾಟ್ಸಾಪ್ ಗುಂಪೊಂದಕ್ಕೆ ಕಳಿಸಿದರು. ಮುಂದಿನ ಭಾನುವಾರ ಬಿಲದ ಎದುರಿಗೆ ಟ್ರೈಪಾಡ್‌ಗಳ ಸಾಲು ನಿಂತಿತು. ತಾಯಿಹಕ್ಕಿ ಕೊಕ್ಕಿನಲ್ಲಿ ಹಲ್ಲಿಮರಿ ಕಚ್ಚಿಕೊಂಡು ಕೊಂಬೆಯ ಮೇಲೆ ಬಹಳ ಹೊತ್ತು ಕುಳಿತು, ಬಿಲಕ್ಕೆ ಹೋಗಲು ಧೈರ್ಯವಾಗದೆ ಹಾರಿಹೋದದ್ದನ್ನು ನಾನು ನೋಡಿದೆ. ಆ ವರ್ಷ ಅಲ್ಲಿಂದ ಮರಿಗಳು ಹೊರಬರಲಿಲ್ಲ.

ವೀಕ್ಷಕರು ಎಂಬ ಮಾತನ್ನು ನಾವು ಕ್ಯಾಮೆರಾ, ದುರ್ಬೀನು ಇದ್ದವರಿಗೆ ಮಾತ್ರ ಮೀಸಲಿಟ್ಟಿರುವುದೂ ಸರಿಯಲ್ಲ. ಆಂಧ್ರದ ಕಡಪ ಜಿಲ್ಲೆಯಲ್ಲಿ 1900ರ ಬಳಿಕ ಯಾವ ವಿಜ್ಞಾನಿಯ ಕಣ್ಣಿಗೂ ಬೀಳದೆ, ನಾಶವಾಯಿತೆಂದೇ ತಿಳಿಯಲಾಗಿದ್ದ ಕಲಿವಿಕೋಡಿ, ಅಂದರೆ ಜೆರ್ಡನ್ಸ್ ಕೋರ್ಸರ್, 1986ರ ಜನವರಿಯಲ್ಲಿ ಮರಳಿ ಸಿಕ್ಕಿತು. ಅದನ್ನು ರಾತ್ರಿಯ ಕುರುಚಲು ಕಾಡಿನಲ್ಲಿ ಹಿಡಿದು ತಂದವರು ಅಲ್ಲಿನ ಹಕ್ಕಿ ಹಿಡಿಯುವವರೇ. ವಿಜ್ಞಾನದ ಲೆಕ್ಕದಲ್ಲಿ ಸತ್ತಿದ್ದ ಹಕ್ಕಿಗೆ ಅವರ ಮಾತಿನಲ್ಲಿ ಹೆಸರಿತ್ತು, ಓಡಾಡುವ ಜಾಗವಿತ್ತು.

ಕೋಡಿಯ ಮೀನುಗಾರರ ಮನೆಗೆ ಕಳೆದ ತಿಂಗಳು ಹೋಗಿದ್ದೆ. ಜಗುಲಿಯ ಗೋಡೆಯ ಮೇಲೆ ಕ್ಯಾಲೆಂಡರ್ ತೂಗುತ್ತಿತ್ತು, ಎಲ್ಲರ ಮನೆಗಳಲ್ಲಿರುವಂತೆ ಗ್ಯಾಸ್ ಸಿಲಿಂಡರ್ ಬಂದ ದಿನ, ಹಾಲಿನ ಲೆಕ್ಕ, ಸಂಘದ ಕಂತು ಎಲ್ಲ ಅದರ ಮೇಲೆ ಬರೆದಿದ್ದವು. ಮಾತಿನ ನಡುವೆ ಅವರು ಒಳಗಿನಿಂದ ಹಳೆಯ ಕ್ಯಾಲೆಂಡರ್‌ಗಳ ಸುರುಳಿಯನ್ನು ತಂದು ಬಿಚ್ಚಿದರು. ಮೂರು ವರ್ಷಗಳ ಹಿಂದಿನ ಜುಲೈ ಪುಟದಲ್ಲಿ, ನಾವು ಬೂಬಿಯನ್ನು ಎತ್ತಿಕೊಂಡ ದಿನಾಂಕದ ಮೇಲೆ, “ದೊಡ್ಡ ಹಕ್ಕಿ, ಮಾಷ್ಟ್ರಿಗೆ ಫೋನ್” ಎಂದಿತ್ತು. ಅದಕ್ಕೂ ಹಿಂದಿನ ಎರಡು ವರ್ಷಗಳ ಪುಟಗಳಲ್ಲಿಯೂ ಒಂದೊಂದು ಕಡೆ “ದೊಡ್ಡ ಹಕ್ಕಿ” ಎಂದು ಬರೆದಿತ್ತು, ಒಂದು ಜುಲೈನಲ್ಲಿ, ಒಂದು ಆಗಸ್ಟಿನಲ್ಲಿ. ಅವು ಯಾವ ಜಾತಿಯವೆಂದು ಈಗ ಹೇಳುವ ಹಾಗಿಲ್ಲ. ಕತ್ತಿನ ಹಿಂದೆ ಬಿಳಿ ಪಟ್ಟಿ ಇತ್ತೇ ಎಂದು ಕೇಳಿದೆ. ಅವರು ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಯೋಚಿಸಿ, “ನೆನಪಿಲ್ಲೆ ಮಾಷ್ಟ್ರೆ, ಸುಳ್ ಹೇಳೂಕಾಗ” ಎಂದರು. ಆ ಎರಡು ದಿನಾಂಕಗಳನ್ನು, ಅವರ ಆ ಮಾತಿನ ಸಮೇತ, ನನ್ನ ಪುಸ್ತಕದಲ್ಲಿ ಬರೆದುಕೊಂಡೆ.